ನನ್ನ ಪಾಲಿನ ಬ್ರೇಕ್

ಕಲಿಸೋ ಗಾಡ್ಯಾಗ ನನ್ನ ಕಾಲಕೆಳಗೂ ಒಂದು ಬ್ರೇಕ್ ಅದ,
ಕ್ಲಚ್ ಅದ.
ಎಕ್ಸಲರೇಟರ್ ಇಲ್ಲ.
ಹತ್ತೊಂಬತ್ತು ವರ್ಷದಿಂದ ನಾನು ಬರೇ ನಿಲ್ಲಿಸೋ ಮನಷ್ಯಾ.
ಹೋಗೋದು ಅವರವರಿಗೆ ಬಿಟ್ಟದ್ದು.

ವಾರ್ಜೆ ಹತ್ರ ಸರ್ವೀಸ್ ರೋಡು ಹೈವೇಕ್ಕ ಕೂಡೋ ಜಾಗ,
ಮುಂಜಾನೆ ಏಳೂಕಾಲು.
ಸ್ಟೇರಿಂಗ್ ಹಿಡದವರು ಶಮೀಮ್ ಆಪಾ, ತಾಂಬೋಳಿಯವರು,
ವಯಸ್ಸು ಐವತ್ತಮೂರು.
ದಿನಾ ನಲವತ್ತು ಡಬ್ಬಿ ಊಟ ಹಿಂಜವಡಿಗೆ ಕಳಸ್ತಾರ.
ಡಬ್ಬಿ ಒಯ್ಯೋ ಹುಡುಗ ಹೇಳದೆ ಕೇಳದೆ ಕೆಲಸಾ ಬಿಟ್ಟ ಮ್ಯಾಲೆ
"ವ್ಯಾನ್ ನಾನೇ ಹೊಡೀತೀನಿ" ಅಂತ
ನಮ್ಮ ಸ್ಕೂಲಿನ ಮೆಟ್ಟಲಾ ಹತ್ತಿದವರು.

ಪುಸ್ತಕದಾಗಿಂದು ನಾ ಹೇಳಿಕೊಟ್ಟಿದ್ದೆ:
ಹೊಸದಾಗಿ ಬಂದು ಕೂಡೋರು ಕಾಯಬೇಕು, ಹಾದಿ ಬಿಡಬೇಕು.
"ಎಷ್ಟೊತ್ತನಕಾ?" ಅಂತ ಕೇಳಿದ್ರು ಆಪಾ.
ಅದು ಪುಸ್ತಕದಾಗ ಇಲ್ಲ.
ಹಾದಿ ಯಾರದು ಅಂತನೂ ಇಲ್ಲ, ಬೇಕಾದ್ರ ನೋಡ್ರಿ,
ಯಾರು ಬಿಡಬೇಕು ಅಂತಷ್ಟೇ ಅದ.
ಆ ಸಂದ್ಯಾಗ ಎಲ್ಲಾರೂ
ತಂತಮ್ಮ ಹೆಸರು ಬರಕೊಂಡಾರ.

ನಿಂತ್ವಿ.
ಮೊದಲ ಬಂದದ್ದು ಕರೀ ಗಾಡಿ, ಮೂತಿಗೆ ಯಾವುದೋ ಪಾರ್ಟಿ ಬಾವುಟ.
ನಮ್ಮನ್ನ ಕಂಡ ಕೂಡಲೇ ಸಾವಕಾಶ ಆಗಲಿಲ್ಲ, ಜೋರಾತು,
ನಾವೇನೋ ಅವನ ಹೊಲಾ ಒತ್ತಲಿಕ್ಕೆ ಬಂದೀವಿ ಅನ್ನೋಹಂಗ.
ಅದರ ಬೆನ್ನಿಗೆ ಕಾಂಕ್ರೀಟ್ ಲಾರಿ, ಹೊಟ್ಟಿ ತಿರಗಿಸ್ಕೋತ.
ಅದರ ಬೆನ್ನಿಗೆ ಲಗ್ನದ ಹೂವು ಇನ್ನೂ ಬಾಡದ ಕಾರು.
ನಮ್ಮ ಹಿಂದ ನೀರಿನ ಟ್ಯಾಂಕರ್,
ಹಾರ್ನಿನ ಮ್ಯಾಲಿನ ಕೈ ತಗೀಲಾರದ್ದು.

ಜನರಲ್ ಬೋಗ್ಯಾಗ ಮೂರು ಮಂದಿ ಕುಂಡ್ರೋ ಹಲಗಿ ಮ್ಯಾಲೆ
"ಜರಾ ಸರೀರಿ" ಅಂದ್ರ ನಾಲ್ಕನೇದಾಂವ ಕುಂಡ್ರತಾನ,
ಐದನೇದಾಂವ ಅರ್ಧಾ ಕುಂಡ್ರತಾನ.
ಪಂಕ್ತ್ಯಾಗ ಎಲಿ ಸರದು ಎಲಿಗೆ ಜಾಗ ಆಗ್ತದ.
ಅದೇ ಮಂದಿ, ಗಾಜು ಏರಿಸಿದ್ರು ಅಂದ್ರ
ಒಂದು ಗೇಣು ಸರಿಯೂದಿಲ್ಲ.
ಕೊಟ್ಟಾಂವ ಕೋಡಂಗಿ, ಇಸಗೊಂಡಾಂವ ಈರಭದ್ರ:
ಲೈಸೆನ್ಸಿಲ್ಲದ ಓಡಾಡೋ ಮಾತು ಇದೊಂದೇ.

ಆಪಾ ಗಾಡಿ ಮೂತಿ ಮುಂದ ಹಾಕಿದ್ರು.
ನಾ ಒತ್ತಿದೆ. ನಿಂತ್ತು.
ಮತ್ತ ಹಾಕಿದ್ರು. ಮತ್ತ ಒತ್ತಿದೆ. ಬಂದ್ ಬಿತ್ತು.
ಮೂರನೇ ಸಲಾ ನನ್ನ ಕಾಲಕಡೆ ನೋಡಿ
"ಸರ್, ಕಾದ ಎಣ್ಣಿ ಮುಂದ ಮೂವತ್ತು ವರ್ಷ ನಿಂತೀನಿ.
ಯಾವಾಗ ಬಿಡಬೇಕು ನನಗ ಗೊತ್ತಾಗ್ತದ.
ಕಾಲು ತಗೀರಿ" ಅಂದ್ರು.

ತಗದೆ.
ಆ ಕಾಲು ಎಲ್ಲಿ ಇಡಬೇಕೋ ತಿಳೀಲಿಲ್ಲ,
ಮಡಚಿ ಸೀಟಿನ ಕೆಳಗ ಇಟಗೊಂಡೆ.

ಅವರು ಗಾಜು ಇಳಿಸಿ ಬಲಗೈ ಹೊರಗ ಚಾಚಿದ್ರು.
ಹಸರು ಬಳಿ, ಮಣಿಕಟ್ಟಿನ ಹತ್ರ ಸುಟ್ಟ ಹಳೇ ಗುರುತು.
ಬೇಡೋ ಕೈ ಅಲ್ಲ, ಬಡಿಯೋ ಕೈ ಅಲ್ಲ,
ಇಲ್ಲಿ ಇದೀನಿ ಅನ್ನೋ ಕೈ, ಅಷ್ಟ.
ಉಕ್ಕಿನ ಸುರುಳಿ ಹೊತ್ತ ಟ್ರೇಲರ್ ಒಂದು
ದೂರದಿಂದಲೇ ಉಸ್ಸಂತ ಗಾಳಿ ಬಿಟ್ಟು
ನಾಲ್ಕು ಮಾರು ಹಿಂದುಳೀತು.
ಎಣ್ಣ್ಯಾಗ ಪೂರಿ ಬಿಟ್ಟಹಂಗ ಆಪಾ ಗಾಡಿ ಬಿಟ್ಟರು.
ಒಂದು ಹನಿ ಸಿಡೀಲಿಲ್ಲ.

ಇಷ್ಟಕ್ಕ ಮುಗದಿದ್ರ ಛಲೋ ಇತ್ತು.

ಚಾಂದಣಿ ಚೌಕ ದಾಟೂದರಾಗ ಎಡಕ್ಕೊಬ್ಬ ಮುದುಕ,
ಬೈಕಿನ ಎರಡೂ ಬಾಜೂ ಹಾಲಿನ ಕ್ಯಾನು,
ಒಳಗ ಬರಲಿಕ್ಕೆ ಕತ್ತು ತಿರುವಿ ತಿರುವಿ ನೋಡ್ಲಿಕತ್ತಿದ್ದ.
ಆಪಾ ಹಾರ್ನ್ ಒತ್ತಿದ್ರು, ಗಾಡಿ ಜೋರು ಮಾಡಿದ್ರು.
ಹೈವೇ ಹತ್ತಿ ಇನ್ನೂ ಐದು ಮಿನಿಟ ಆಗಿರಲಿಲ್ಲ.

ನನ್ನ ಕಾಲು ಸೀಟಿನ ಕೆಳಗಿಂದ ತಾನೇ ಬಂತು.
ಒತ್ತಿದೆ ಅನ್ನೂದಕಿಂತ
ಸುಮ್ಮನ ಅದರ ಭಾರಾ ಇಟ್ಟೆ, ಆಪಾಗ ತಿಳೀದಂಗ.
ಮುದುಕ ಒಳಗ ಬಂದ,
ಕೈ ಎತ್ತಿ ಅವರಿಗೆ ಸಲಾಮು ಮಾಡಿದ.

"ನೋಡಿದ್ರ್ಯಾ ಸರ್, ನಾನೂ ಹಾದಿ ಬಿಟ್ಟೆ!"
ಮಾರಿ ತುಂಬ ನಗಿ.
"ಹೌದ್ರಿ" ಅಂದೆ.

ಆಮ್ಯಾಲೆ ಕನ್ನಡ್ಯಾಗ ನೋಡಿದೆ. ಹಿಂದ ಅದೇ ಟ್ರೇಲರ್.
ಡ್ರೈವರನ ಬಾಜೂಕ ಯಾರೋ ಕುಂತಹಂಗ ಕಾಣಸ್ತು,
ಕ್ಲೀನರ್ ಹುಡುಗ ಇರಬೇಕು.
ಅವನ ಕಾಲು ಕಾಣಲಿಲ್ಲ.